ಶಿಫ್ಟ್ ಬಟನ್ ಮತ್ತು ಭಾವನ ಬೆರಳು

ನನಗೆ ಅನುಮಾನ ಜಾಸ್ತಿ. ಕಂಡಕ್ಟರ್ ಊರಿನ ಹೆಸರು ಕೂಗಿದರೂ ಕಿಟಕಿಯಿಂದ ಇಣುಕಿ ನೋಡಿಯೇ ಬಸ್ಸಿಳಿಯುವವಳು ನಾನು. ಮಾಗಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ಮಾಡಿ ಅದು ಇನ್ನಷ್ಟು ಬಲಿತಿದೆ. ಇಂಥ ನಾನು ಪ್ರೋಗ್ರಾಂ ಬರೆಯಬಹುದಾದ ಹಳೆಯ ಕ್ಯಾಲ್ಕುಲೇಟರೊಂದಕ್ಕೆ ಹೊಸ ಸಾಫ್ಟ್‌ವೇರ್ ಬರೆದು, ಪರೀಕ್ಷೆಗೆಂದು ಭಾವನ ಕೈಗೆ ಕೊಟ್ಟೆ.

ಭಾವ, ಅಂದರೆ ಅಕ್ಕನ ಗಂಡ, ಕನಕಪುರದ ಕಡೆಯ ಕಲ್ಲು ಕ್ವಾರಿಯಲ್ಲಿ ಅಳತೆ ತೆಗೆಯುವವರು. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಕ್ಯಾಲ್ಕುಲೇಟರು. ಎರಡು ಬಟನ್ ಒಟ್ಟಿಗೆ ಒತ್ತಲು ಅವರಿಗೆ ಮೂರನೇ ಕೈ ಬೇಕು. ಅದಕ್ಕೇ ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೆ ಅದು ಮುಂದಿನ ಬಟನ್ನಿಗಾಗಿ ಕಾಯುವಂತೆ ಮಾಡಿದೆ. ಬರೀ ಎಡಬಾಣದ ಬಟನ್ ಒತ್ತಿದರೆ ಒಂದು ಅಂಕಿ ಹಿಂದಕ್ಕೆ, ಶಿಫ್ಟ್ ಆದ ಮೇಲೆ ಒತ್ತಿದರೆ ಸಾಲಿನ ಆರಂಭಕ್ಕೆ. ಬರೀ ಡಿಲೀಟ್ ಒಂದು ಅಂಕಿ ಅಳಿಸುತ್ತದೆ, ಶಿಫ್ಟ್ ಆದ ಮೇಲೆ ಸಾಲಿಗೆ ಸಾಲೇ ಮಾಯ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಭಾನುವಾರಗಳಂದು ನಾವು ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾಗುತ್ತಿದ್ದೆವು. ಅಕ್ಕ ಹುರಿಹಿಟ್ಟು ಕಳಿಸುತ್ತಿದ್ದಳು.

"ಹನ್ನೆರಡು ಕಲ್ಲಿನ ಅಳತೆ ಒಂದೇ ಸಾಲಲ್ಲಿ ಹೊಡ್ದಿದ್ದೆ ಕಣಮ್ಮಿ. ಎಲ್ಲಾ ಹೊಂಟೋಯ್ತು" ಎಂದರು ಭಾವ.

"ಶಿಫ್ಟ್ ಒತ್ತಿ ಡಿಲೀಟ್ ಒತ್ತಿರ್ತೀರ."

"ಇಲ್ಲ ಕಣಮ್ಮಿ. ಒಂದಂಕಿ ಅಳ್ಸಕ್ಕೆ ಒಂದ್ಸಲ ಡಿಲೀಟ್ ಒತ್ತಿದ್ದು, ಅಷ್ಟೇಯ."

ಮುಂದಿನ ವಾರವೂ ಅದೇ ಮಾತು. ಮೂರನೇ ವಾರ ಮುಖ ಸಪ್ಪಗಿತ್ತು. "ದಿನಾ ಎರಡೆರಡು ಸಲ ಅಳೀತೀನಿ. ವಯಸ್ಸಾಯ್ತು, ಇವನನ್ನ ಬುಡ್ಸಿ ಅಂತಾವ್ರೆ ಕ್ವಾರೀಲಿ" ಎಂದರು. ನನಗೆ ಮರುಕಕ್ಕಿಂತ ಅನುಮಾನವೇ ಮೊದಲು ಬಂತು. ಸಿಕ್ಕಿದ್ದೆಲ್ಲ ಒತ್ತಿ, ನಾಚಿಕೆಗೆ ಬಚ್ಚಿಡುತ್ತಿದ್ದಾರೆ ಎಂದುಕೊಂಡೆ. ಯಾವ ಬಟನ್ನನ್ನು ಯಾವ ಹೊತ್ತಿಗೆ ಒತ್ತಿದರು ಎಂದು ಗುಟ್ಟಾಗಿ ದಾಖಲಿಸುವ ಹಾಗೆ ಮಾಡಿ, "ರಿಪೇರಿ ಆಗಿದೆ" ಎಂದು ಕೊಟ್ಟೆ.

ಮರುವಾರ ಅದನ್ನು ಮನೆಗೆ ತಂದು ದಾಖಲೆ ತೆರೆದೆ. ಶಿಫ್ಟ್. ಆಮೇಲೆ ನಾಲ್ಕು ನಿಮಿಷ ಏನೂ ಇಲ್ಲ. ಆಮೇಲೆ ಡಿಲೀಟ್, ಒಂದೇ ಸಲ.

ಭಾವನಿಗೆ ಫೋನ್ ಮಾಡಿ, ಕಲ್ಲಿನ ಹತ್ತಿರ ಏನಾಗುತ್ತದೆ ಎಂದು ಕೇಳಿದೆ. ಸಾಲಿನ ಆರಂಭಕ್ಕೆ ಹೋಗಲು ಶಿಫ್ಟ್ ಒತ್ತುತ್ತಾರೆ. ಅಷ್ಟರಲ್ಲಿ ಟೇಪಿನ ಆ ತುದಿಯಿಂದ "ತಡೀರಣ್ಣ, ಟೇಪು ಸೊಟ್ಟ ಐತೆ" ಎಂಬ ಕೂಗು. ಹೋಗಿ ನೆಟ್ಟಗೆ ಮಾಡಿ ಬರುವಷ್ಟರಲ್ಲಿ ಶಿಫ್ಟ್ ಅವರಿಗೆ ಮರೆತಿರುತ್ತದೆ, ಯಂತ್ರಕ್ಕೆ ಮರೆತಿಲ್ಲ. ಅದು ಕಾಯುತ್ತಿದೆ ಎಂದು ತೋರಿಸುವ ಒಂದು ಚುಕ್ಕೆಯನ್ನೂ ನಾನು ಪರದೆಯ ಮೇಲೆ ಇಟ್ಟಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಶಿಫ್ಟ್ ಐದು ಸೆಕೆಂಡಿಗೆ ತಾನೇ ಬಿಟ್ಟುಹೋಗುವಂತೆ, ಅಳಿಸಿದ ಸಾಲು ಬೇಕೆಂದರೆ ಮರಳಿ ಬರುವಂತೆ ಸರಿಪಡಿಸಿದೆ. ಭಾನುವಾರ, ಅವರು ಒತ್ತಿದ ಶಿಫ್ಟ್ ನಾಲ್ಕು ನಿಮಿಷ ಹಾಗೇ ಕಾದಿತ್ತು ಎಂದು ಉತ್ಸಾಹದಲ್ಲಿ ವಿವರಿಸುತ್ತಿದ್ದೆ.

"ನಾಲ್ಕು ನಿಮಿಷ ಅಂತ ನಿಂಗೆಂಗೆ ಗೊತ್ತಾಯ್ತು?" ಎಂದರು ಭಾವ.

ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅವರು ಹುರಿಹಿಟ್ಟಿನ ಪೊಟ್ಟಣವನ್ನು ನನ್ನ ಚೀಲದಲ್ಲಿಟ್ಟು, ಕ್ಯಾಲ್ಕುಲೇಟರನ್ನೂ ಅದರ ಪಕ್ಕದಲ್ಲೇ ಇಟ್ಟರು.

"ಒಂದೇ ಸಲ ಒತ್ತಿದ್ದು ಅಂತ ನಾನು ಮೂರು ವಾರ ಹೇಳಿದ್ನಲ್ಲಮ್ಮಿ," ಎಂದರು, "ಅದನ್ನ ನೀನು ಎಲ್ಲೂ ಬರ್ಕೊಂಡಿರಲಿಲ್ವಾ?"