ಟೆಲಿಸ್ಕೋಪಿನ ಕನ್ನಡಿಗೆ ವಿಭೂತಿ

ಗೆಳೆಯರೇ, ಖಗೋಳ ವಿಜ್ಞಾನದ ಚರಿತ್ರೆಯಲ್ಲಿ ಬರೆದಿಡಬೇಕಾದ ಘಟನೆಯೊಂದು ಇಂದು ಸಂಜೆ ಕಲಬುರಗಿಯ ನಮ್ಮ ಮಾಳಿಗೆಯ ಮೇಲೆ ನಡೆಯಿತು.

ಎದೆಯೆತ್ತರದ ನನ್ನ ಹೊಸ ಟೆಲಿಸ್ಕೋಪನ್ನು ಜೋಡಿಸುತ್ತಿದ್ದೆ. ಅದರ ಜೀವವೇ ಊಟದ ತಟ್ಟೆಯಷ್ಟು ಅಗಲದ ಒಂದು ಕನ್ನಡಿ. ಅದನ್ನು ಉಸಿರೂ ತಾಗದಂತೆ ಮೇಜಿನ ಮೇಲಿಟ್ಟು ನಟ್ಟು ಬಿಗಿಯುವ ಪಾನಾ ತರಲು ಕೆಳಗಿಳಿದೆ. ಮರಳಿ ಬಂದರೆ ಕನ್ನಡಿಯ ತುಂಬ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಪಕ್ಕದಲ್ಲಿ ಊದಿನಕಡ್ಡಿ ಹಿಡಿದು ನಿಂತಿದ್ದಾರೆ, ಬೆಳಿಗ್ಗೆಯಷ್ಟೇ ಕಮಲಾಪುರದಿಂದ ಬಂದ ನಮ್ಮ ಅತ್ತೆ.

“ಅತ್ತೀ, ಇದಕ್ಕ ಬೆರಳು ಸೈತ ತಾಗಬಾರದ್ರೀ.”

“ಬೈಕ್ ತಂದಾಗ ಪೂಜಿ ಮಾಡೀರಿ, ಫ್ರಿಜ್ಜಿಗೂ ಮಾಡೀರಿ. ಇದೇನ್ ಪಾಪ ಮಾಡ್ಯದ್ರೀ ಅಳಿಯಂದ್ರ?”

ಒರೆಸಿದರೆ ಗೀರು ಬೀಳುತ್ತದೆ. ವಿಭೂತಿ ಸಮೇತ ಜೋಡಿಸಿ, ಚಂದ್ರನತ್ತ ತಿರುಗಿಸಿ, ಕಣ್ಣಿಟ್ಟೆ. ಏನು ಹೇಳಲಿ, ಗೆಳೆಯರೇ! ಕುಳಿಗಳ ಅಂಚು, ಬೆಟ್ಟಗಳ ನೆರಳು, ಎಲ್ಲ ಕೈಚಾಚಿದರೆ ಸಿಗುವಷ್ಟು ಹತ್ತಿರ. ವಿಭೂತಿಯ ಸುಳಿವೇ ಇಲ್ಲ. ಕನ್ನಡಿಯ ಮೇಲಿನ ಕಲೆ ನೋಟದಲ್ಲಿ ಕಾಣಿಸುವುದಿಲ್ಲ, ಬೆಳಕು ಕೊಂಚ ಮಂಕಾಗುತ್ತದಷ್ಟೇ ಎಂದು ಅತ್ತೆಗೆ ಸವಿಸ್ತಾರವಾಗಿ ವಿವರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ಚಂದ್ರನನ್ನು ನೋಡಿದರು.

“ಪೂಜಿ ಮಾಡಿದ್ದಕ್ಕೇ ಇಷ್ಟು ಚಲೋ ಕಾಣಾಕತ್ತದ. ನಮ್ಮ ಕಮಲಾಪುರದ ಹೊಲಕ್ಕ ತಗೊಂಡು ಬರ್ರಿ, ಅಲ್ಲಿ ಇನ್ನೂ ಚಲೋ ಕಾಣ್ತದ.”

ನಾಳೆಯೇ ಕನ್ನಡಿ ತೊಳೆಯುತ್ತೇನೆ ಎಂದೆ. ಸೋಮವಾರದ ಪೂಜೆ ಮುಗಿಯದೆ ಮುಟ್ಟಕೂಡದೆಂದು ಅಪ್ಪಣೆಯಾಗಿದೆ. ಅಲ್ಲಿಯವರೆಗೆ ಇಡೀ ವಿಶ್ವವು ನಮ್ಮ ಅತ್ತೆಯ ಮೂರು ಬೆರಳಿನ ಮೂಲಕವೇ ನನಗೆ ದರ್ಶನ ಕೊಡತಕ್ಕದ್ದು.