ರಾಜನಿಗೊಂದು ಕುದುರೆ ನಡೆ

ಅಮೆರಿಕದ ಟೆಕ್ಸಸ್‌ನ ಫ್ಲೂಗರ್‌ವಿಲ್‌ನಲ್ಲಿರುವ ಮಗಳ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ: ಪಕ್ಕದ ಮನೆಯ ಮುದುಕ ಜಗುಲಿಯಲ್ಲಿ ಚದುರಂಗ ಹಾಸಿಕೊಂಡು ಖಾಲಿ ಕುರ್ಚಿಯ ಎದುರು ಕೂತಿದ್ದಾನೆ. ಎದುರಿನವರ ಸರದಿ ಎಂಬಂತೆ ಆ ಕುರ್ಚಿಯನ್ನೇ ನೋಡುತ್ತಾನೆ. ನಮ್ಮ ಮದ್ದೂರಿನಲ್ಲಾಗಿದ್ದರೆ ಯಾರಾದರೂ ಕರೆದೊಯ್ದು ಯಂತ್ರ ಕಟ್ಟಿಸಿಬಿಡುತ್ತಿದ್ದರು. ಇಲ್ಲಿ ಎಲ್ಲರೂ ಕೈಬೀಸಿ ಕಾರು ಹತ್ತುತ್ತಾರೆ.

ನನ್ನ ಮಗಳು ಶೋಭಾ ಪಕ್ಕದ ಆಸ್ಟಿನ್‌ನಲ್ಲಿ ನರ್ಸು. ರೋಗಿಗಳಿಂದಲೇ ಸ್ಪ್ಯಾನಿಷ್ ಕಲಿತಿದ್ದಾಳೆ.

"ಮೆಕ್ಸಿಕೋದವ್ರು ಕಣವ್ವ. ಚೆಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರು. ಡಾನ್ ಎಲಿಯಾಸ್."

ಡಾನ್ ಎಂದರೆ ಕಳ್ಳಸಾಗಣೆಯವನಲ್ಲ, ನಾವು ಯಜಮಾನ್ರು ಎನ್ನುವ ಹಾಗೆ. ನನ್ನನ್ನು ಆತ ಡೋನ್ಯ ಎನ್ನುತ್ತಾನೆ, ಅಮ್ಮಾವ್ರು ಎಂಬಂತೆ. ಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕೊಟ್ಟ. ಕಡುಬಿನ ದಾಯಾದಿ. ಸಪ್ಪೆ. ಕಾಯಿಚಟ್ನಿ ಇದ್ದರೆ ಇಳಿಯುತ್ತದೆ.

ಆತನ ಕಥೆಯನ್ನು ಶೋಭಾ ಬಿಡಿಸಿ ಹೇಳಿದಳು. ಹರೆಯದಲ್ಲಿ ಬಸ್ಸಿನಲ್ಲೇ ಮಲಗಿ ಪಂದ್ಯದಿಂದ ಪಂದ್ಯಕ್ಕೆ ಓಡಾಡಿದವ. ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಕೊನೆಯದೊಂದು ಗೆಲುವು ಬೇಕಿತ್ತು. ಹ್ಯೂಸ್ಟನ್‌ನಲ್ಲಿ ಎದುರು ಕೂತವನು ಬಾಲ್ಯದ ಗೆಳೆಯ ಚೆಮಾ. ಆಟದ ನಡುವೆ ಮುಖ ತೊಳೆಯಲು ಎದ್ದ ಚೆಮಾ ಬಚ್ಚಲಲ್ಲೇ ಕುಸಿದು ಸತ್ತ. ಈತ ತಿಳಿಯದೆ ಕಾಯುತ್ತ ಕೂತ. ಗಡಿಯಾರದಲ್ಲಿ ಚೆಮಾನ ಹೊತ್ತು ತೀರಿತು. ನಿಯಮದಂತೆ ಗೆಲುವು ಈತನದು, ಪಟ್ಟವೂ. ಆಮೇಲೆ ಡಾಲಸ್‌ನಲ್ಲಿ ವರ್ಷಗಟ್ಟಲೆ ಚೆಸ್ ಕಲಿಸಿದ. ಚೆಮಾನ ಕಡೆಯಿಂದ ಆ ಆಟವನ್ನು ಅಂದು ನಿಂತಲ್ಲಿಂದ ಮುಗಿಸಿಕೊಡಿ ಎಂದರೆ ಶಿಷ್ಯರೆಲ್ಲ ಮರ್ಯಾದೆಗೆ ಸೋತುಕೊಟ್ಟರಂತೆ. ಪಟ್ಟ ಹೆಣದ ಕೈಯಿಂದ ಕಿತ್ತುಕೊಂಡಂತೆಯೇ ಉಳಿಯಿತು.

"ನಂಗೂ ಆಡಕ್ಕೆ ಬತ್ತದೆ ಅನ್ನು," ಎಂದೆ. ತೀರಿಹೋದ ನನ್ನ ಗಂಡ ಕಲಿಸಿದ್ದು.

"ಅವ್ರು ಗ್ರ್ಯಾಂಡ್‌ಮಾಸ್ಟರ್ ಕಣವ್ವ!"

"ಆಗ್ಲಿ. ನಾನೇನ್ ಸೋತ್ಕೊಡಾಕಿಲ್ಲ."

ಚೆಮಾನ ಕಡೆಯ ಖಾಲಿ ಕುರ್ಚಿಯಲ್ಲಿ ಕೂತೆ. ಆಗಸ್ಟಿನ ಬಿಸಿಲಲ್ಲೂ ಅದು ತಣ್ಣಗಿತ್ತು. ದೆವ್ವ ಗಿವ್ವ ನಾನು ನಂಬುವವಳಲ್ಲ. ತಣ್ಣಗಿತ್ತು, ಅಷ್ಟೇ.

ನಾಲ್ಕಾರು ನಡೆಗೆ ಆತನ ಆನೆಗಳು ನನ್ನ ರಾಜನನ್ನು ಮೂಲೆಗೆ ಒತ್ತಿದವು. ರಾಜನನ್ನೆತ್ತಿ ಕುದುರೆಯ ಹಾಗೆ ಹಾರಿಸಿದೆ.

"ಅವ್ವಾ! ಇಲ್ಲಿ ರಾಜ ಹಾರಂಗಿಲ್ಲ!"

"ನಮ್ಮೂರಲ್ಲಿ ಹಾರ್ತಾನೆ. ಚೆಕ್ ಬೀಳಕ್ ಮುಂಚೆ, ಒಂದೇ ಒಂದ್ ಸಲ. ಹೇಳು ಅವ್ರಿಗೆ."

ಶೋಭಾ ನಾಚಿಕೊಂಡೇ ಹೇಳಿದಳು. ಡಾನ್ ಎಲಿಯಾಸ್ ಬಹಳ ಹೊತ್ತು ಹಲಗೆ ನೋಡಿದ. ಆಮೇಲೆ ನನ್ನ ಹೆಗಲಿನ ಹಿಂದಕ್ಕೆ ನೋಡುತ್ತ ಏನೋ ಕೇಳಿದ.

"ಏನಂತೆ?"

"'ತಪ್ಪಿಸ್ಕೊಂಡ್ಯಾ ಚೆಮಾ?' ಅಂತಿದಾರೆ."

ನಾನು ಹಿಂದೆ ತಿರುಗಿ ನೋಡಲಿಲ್ಲ. ಆತ ತನ್ನ ರಾಜನನ್ನು ಮೆಲ್ಲಗೆ ಮಲಗಿಸಿದ. ಇವರಲ್ಲಿ ಸೋಲೊಪ್ಪುವುದು ಹಾಗೆ; ಗೆಲುವು ಚೆಮಾನಿಗೆ. ನನ್ನ ಕೈ ಕುಲುಕಿದ.

ಮರುದಿನ ಜಗುಲಿಯಲ್ಲಿ ಒಂದೇ ಕುರ್ಚಿ ಇತ್ತು. ಇನ್ನೊಂದನ್ನು ಒಳಗಿಟ್ಟಿದ್ದ.

ಆ ಬೆಳಿಗ್ಗೆಯೇ ನಮ್ಮ ಅಡುಗೆಮನೆಯ ಖಾಲಿ ಕುರ್ಚಿಯಲ್ಲಿ ನನ್ನ ಗಂಡ ಕೂತಿದ್ದ. ಮಾತಿಲ್ಲ. ಬದುಕಿದ್ದಾಗಲೂ ಆಟದ ಹೊತ್ತಿಗೆ ಮಾತಾಡುತ್ತಿರಲಿಲ್ಲ. ನನ್ನ ಸರದಿ ಎಂಬಂತೆ ನೋಡುತ್ತಿದ್ದ. ಸತ್ತ ಮೇಲೆ ಮದ್ದೂರಿನ ಮನೆಯಲ್ಲಿ ಎಂದೂ ಕಾಣದವನು ಇಷ್ಟು ದೂರ ಹೇಗೆ ಬಂದನೋ.

"ಯಾಕವ್ವ ಹಂಗ್ ನೋಡ್ತೀಯ? ಊರಿಗೆ ಟಿಕೆಟ್ ಮಾಡ್ಲಾ?" ಎಂದಳು ಶೋಭಾ.

"ಮಾಡು," ಎಂದೆ.

"ಯಾವತ್ತಿಗೆ?"

ಗಂಡನ ಎದುರು ಕುರ್ಚಿ ಎಳೆದುಕೊಂಡು ಕೂತೆ. ರಾಜ ಹಾರುವುದು ಒಂದೇ ಸಲ. ನಾನು ಇಲ್ಲಿಗೆ ಹಾರಿಯಾಗಿದೆ.