ಒಂದು ಫರ್ಲಾಂಗು ಮುಂದೆ

ನನ್ನ ಅಣ್ಣನ ಬಲಗೈ ಮೊಣಕೈಯವರೆಗೆ ಸುಟ್ಟ ಹಂಚಿನ ಬಣ್ಣ, ಎಡಗೈ ಗೋಧಿ ಬಣ್ಣ. ಬಸ್ಸಿನ ಕಿಟಕಿಯ ಮೇಲೆ ಬಲಗೈ ಊರಿ ವರ್ಷಗಟ್ಟಲೆ ಬಿಸಿಲಿನಲ್ಲಿ ಗಾಡಿ ಹೊಡೆದವರ ಕೈಗಳು ಹಾಗಾಗುತ್ತವೆ. ಆ ಕೈಗಳಿಂದ ಸ್ಟೇರಿಂಗು ಬಿಡಿಸಿದವಳು ನಾನು. ಹುನಗುಂದದ ಬಂಗಲೆಯಲ್ಲಿ ಸಾಹೇಬರು ಕೇಳಿದಾಗ ಕಣ್ಣಾರೆ ಕಂಡದ್ದನ್ನು ಹೇಳಬೇಕಿತ್ತು. ಹೇಳಲಿಲ್ಲ.

ನಮ್ಮ ಊರು ಹುನಗುಂದ ಮತ್ತು ಇಳಕಲ್ಲಿನ ನಡುವೆ, ರಸ್ತೆಗೆ ಹತ್ತಿಕೊಂಡೇ ಇತ್ತು. ನಾನು ಎರಡನೇ ಇಯತ್ತೆಯನ್ನೂ ಮುಗಿಸಲಿಲ್ಲ. ಅಂಕಿ ಓದಲು ಕಲಿಸಿದವನು ಅಣ್ಣ, ಅದೂ ಮೈಲಿಗಲ್ಲುಗಳ ಮೇಲೆ. ಎರಡು ಮೈಲಿಗಲ್ಲುಗಳ ನಡುವೆ ಏಳು ಸಣ್ಣ ಸಣ್ಣ ಫರ್ಲಾಂಗು ಕಲ್ಲುಗಳಿರುತ್ತಿದ್ದವು. ಒಂದೊಂದರ ಮುಂದೆಯೂ ನನ್ನನ್ನು ಕೂರಿಸಿ, ಬೆರಳು ಹಿಡಿದು ಕೆತ್ತಿದ ಅಂಕಿಯ ಮೇಲೆ ಆಡಿಸುತ್ತಿದ್ದ. "ಈ ರಸ್ತಿ ಎಲ್ಲಿ ಮುಗೀತೈತೋ ಅಣ್ಣಾ?" ಎಂದು ಒಮ್ಮೆ ಕೇಳಿದ್ದೆ. "ಮುಗಿಯಾಂಗಿಲ್ಲವಾ ತಂಗಿ. ಊರ ಹೆಸರು ಬದಲಿ ಆಗತಾವು ಅಷ್ಟ" ಎಂದಿದ್ದ. ಇಳಕಲ್ಲು ದಾಟಿದರೆ ಆಗ ಹೈದರಾಬಾದಿನ ಸೀಮೆ. ಅಲ್ಲಿ ರಸ್ತೆಗೆ ಹಾಕುವ ಗರಸು ಮಣ್ಣಿನ ಬಣ್ಣವೇ ಬೇರೆ, ಕಲ್ಲಿನ ಲೆಕ್ಕವೇ ಬೇರೆ. ಅದನ್ನು ನೋಡಲೆಂದೇ ನನ್ನನ್ನು ಬಿಸಿಲಲ್ಲಿ ಅಷ್ಟು ದೂರ ನಡೆಸಿಕೊಂಡು ಹೋಗಿದ್ದ. ಮನೆಗೆ ಬಂದಾಗ ಅವ್ವ ಇಬ್ಬರಿಗೂ ಬಾರಿಸಿದಳು.

ಅಣ್ಣ ಏನನ್ನೂ ಮರೆಯುವವನಲ್ಲ. ಕ್ಲೀನರನಾಗಿದ್ದಾಗ ಬಾದಾಮಿ ಸ್ಟೇಷನ್ನಿನ ಎದುರು ಒಬ್ಬ ಡ್ರೈವರು ಅವನ ಕಪಾಳಕ್ಕೆ ಹೊಡೆದಿದ್ದನಂತೆ. ಮುಂದೆ ಅಣ್ಣ ತಾನೇ ಡ್ರೈವರಾದ ಮೇಲೆ, ಬಾಗಲಕೋಟೆಯ ದಾರಿಯಲ್ಲಿ ಅದೇ ಮನುಷ್ಯನ ಗಾಡಿ ಕೆಟ್ಟು ನಿಂತದ್ದು ಕಂಡಿತು. ಅಣ್ಣ ಬಸ್ಸು ನಿಲ್ಲಿಸಿದ, ಇಳಿದ, ಅವನೆದುರು ನಿಂತು ಎಲೆಅಡಿಕೆ ಹಾಕಿಕೊಂಡ, ಸಾವಕಾಶವಾಗಿ ಅಗಿದು ಉಗುಳಿದ, ಒಂದು ಮಾತೂ ಆಡದೆ ಹತ್ತಿ ಬಂದ. ಇದನ್ನು ಹೇಳಿ ಹೇಳಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆ ಸಿಟ್ಟು ನನ್ನ ಕಡೆಗೂ ತಿರುಗಬಹುದು ಎಂದು ಆಗ ಹೊಳೆದಿರಲಿಲ್ಲ.

ಮದುವೆಯಾದ ಮೇಲೆ ನಾನೂ ನನ್ನ ಗಂಡನೂ ಒಬ್ಬ ಗುತ್ತಿಗೆದಾರನ ಕೈಕೆಳಗೆ ಅದೇ ರಸ್ತೆಯ ಮೇಲೆ ಕೂಲಿಗೆ ಇದ್ದೆವು. ಗಂಡ ಜಲ್ಲಿ ಕಡಿ ಒಡೆಯುತ್ತಿದ್ದ, ನಾನು ಗರಸಿನ ಬುಟ್ಟಿ ಹೊರುತ್ತಿದ್ದೆ. ನಮ್ಮೂರ ಬಳಿಯ ಮೋರಿಯ ಒಂದು ಮಗ್ಗುಲು ಕುಸಿದು ಮೊಣಕಾಲುದ್ದದ ತೆಗ್ಗು ಬಿದ್ದಿತ್ತು. ಮುಚ್ಚಿಸಿರೆಂದು ಗಂಡ ಗುತ್ತಿಗೆದಾರನಿಗೆ ಹೇಳಿದರೆ, "ಮಳಿಗಾಲ ಹೋಗಲಿ ತಡಿ" ಎನ್ನುತ್ತಿದ್ದ. ಒಂದು ಮುಂಜಾನೆ ಅಣ್ಣನ ಬಸ್ಸು, ಆಗ ಅದು ಖಾಸಗಿಯವರದು, ಎದುರಿಗೆ ಬಂದ ಚಕ್ಕಡಿಗೆ ದಾರಿ ಬಿಡಲು ಹೋಗಿ ಆ ತೆಗ್ಗಿನಲ್ಲಿ ಗಾಲಿ ಇಳಿಸಿತು. ಕೆಳಗಿನ ಸ್ಪ್ರಿಂಗಿನ ಪಾಟಾ ಮುರಿದ ಸಪ್ಪಳ ನನಗೆ ಕೇಳಿಸಿತು. ಬಸ್ಸು ನಿಲ್ಲಲಿಲ್ಲ. ಓಲಾಡುತ್ತ ಹೋಗಿ ಮುಂದಿನ ಫರ್ಲಾಂಗು ಕಲ್ಲಿನ ಬಳಿ ಹೊಲಕ್ಕೆ ಮಗುಚಿತು. ಸತ್ತವರು ಯಾರೂ ಇಲ್ಲ. ಆದರೆ ಇಳಕಲ್ಲಿನ ಒಬ್ಬ ನೇಕಾರನ ಬಲಗೈ ಮುರಿಯಿತು.

ಪೊಲೀಸರು ಬರುವುದಕ್ಕೆ ಮೊದಲೇ ಗುತ್ತಿಗೆದಾರ ಬಂದ. ಮೋರಿಯ ತೆಗ್ಗಿಗೆ ಗರಸು ಹಾಕಿಸಿ, ನೀರು ಹೊಡೆಸಿ, ದಮ್ಮಸು ಮಾಡಿಸಿದ. ಬುಟ್ಟಿ ಹೊತ್ತವಳು ನಾನು. ಆಚೆ ಅಣ್ಣ ಹೊಲದಲ್ಲಿ ಕೂತು ನೇಕಾರನ ಕೈಗೆ ತನ್ನ ರುಮಾಲು ಹರಿದು ಕಟ್ಟುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ಅವನು ನೋಡಿದನೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು.

"ನಿನ್ನ ಅಣ್ಣಗ ಏನೂ ಆಗಾಂಗಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸದಾಗ ಇರಬೇಕಂದ್ರ ಬಾಯಿ ನೆಟ್ಟಗ ಇಟ್ಕೋ" ಎಂದ ಗುತ್ತಿಗೆದಾರ. ಬಂಗಲೆಯಲ್ಲಿ ವಿಚಾರಣೆಗೆ ಬಂದ ಸಾಹೇಬರ ಮುಂದೆ ನಾನು ಹೇಳಿದೆ: "ಮೋರಿ ಗಟ್ಟಿ ಇತ್ರಿ. ಅಲ್ಲಿ ಏನೂ ಆಗಿಲ್ರಿ. ಮುಂದಿನ ಕಲ್ಲಿನ ಹತ್ರ ಆಗೈತ್ರಿ. ಭಾಳ ಜೋರ ಬಂದಿದ್ದ." ಒಡಹುಟ್ಟಿದವಳೇ ಹೇಳಿದ ಮೇಲೆ ಇನ್ನೇನು? ಲೈಸನ್ಸು ಹೋಯಿತು. ಅಣ್ಣ ಇಳಕಲ್ಲಿನ ಪೇಟೆಯಲ್ಲಿ ಹಮಾಲಿ ಮಾಡಿದ. ನೂಲಿನ ಗಂಟು ಹೊತ್ತು ನನ್ನ ಮುಂದೆಯೇ ಹಾಯ್ದರೂ ಮಾತಾಡಿಸಲಿಲ್ಲ. ಮಾರನೆಯ ವರ್ಷ ಗುತ್ತಿಗೆದಾರ ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದ. ಅವನ ಹೆಸರು ಹೇಳಲು ಈಗಲೂ ನನಗೆ ಮನಸ್ಸಿಲ್ಲ. ಅವನಿಗೆ ಒಳ್ಳೆಯದಾಗಲಿ ಎನ್ನಲು ನಾನು ಶರಣರ ಮನೆಯಲ್ಲಿ ಹುಟ್ಟಿದ್ದೂ ಸಾಲಲಿಲ್ಲ.

ಕೆಲವು ವರ್ಷಗಳ ಮೇಲೆ ಸರಕಾರದ ಬಸ್ಸುಗಳು ಬಂದವು. ಅಣ್ಣನಿಗೆ ಲೈಸನ್ಸು ಮರಳಿ ಸಿಕ್ಕಿತು, ಖಾಕಿ ಅಂಗಿಯೂ ಸಿಕ್ಕಿತು, ಅದೇ ರಸ್ತೆ ಸಿಕ್ಕಿತು. ಆ ಹೊತ್ತಿಗೆ ರಸ್ತೆಗೆ ಹದಿಮೂರು ಎಂಬ ನಂಬರು ಬಂದಿತ್ತು. ಸೊಲ್ಲಾಪುರದಿಂದ ಚಿತ್ರದುರ್ಗದ ತನಕ ಒಂದೇ ನಂಬರು ಎಂದು ಕಂಡಕ್ಟರಿಗೆ ಹೇಳಿಕೊಂಡು, ತನ್ನ ಹೊಲವೇ ಅಷ್ಟುದ್ದ ಇದ್ದವನ ಹಾಗೆ ಬೀಗುತ್ತಿದ್ದನಂತೆ.

ನಮ್ಮೂರವರು ಬಸ್ಸಿಗೆ ಕೈಮಾಡುತ್ತಿದ್ದದ್ದು ಆ ಮೋರಿಯ ಬಳಿ. ಮೊದಲ ಸಲ ನಾನು ಕೂಸನ್ನು ಎತ್ತಿಕೊಂಡು, ಜೋಳದ ಗಂಟು ಹೊತ್ತು ಕೈಮಾಡಿದೆ. ಬಸ್ಸು ನನ್ನನ್ನು ದಾಟಿ ಹೋಗಿ, ಮುಂದಿನ ಫರ್ಲಾಂಗು ಕಲ್ಲಿನ ಹತ್ತಿರ ನಿಂತಿತು. ಓಡಿ ಹೋಗಿ ಹತ್ತಿದೆ. ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ಕಂಡಕ್ಟರು ಅಣ್ಣನಿಗೆ, "ಅಲ್ಲೇ ಕೈ ಮಾಡಿದ್ರಲ್ಲೋ ಮಾರಾಯಾ" ಎಂದ. ಅಣ್ಣ ಹಿಂದೆ ತಿರುಗದೆ, "ಆಕಿ ಸಾಕ್ಷಿ ಹೇಳಿದ ಜಾಗಾದಾಗ ನಿಲ್ಲಿಸೇನಿ" ಎಂದ. ಇಳಿಯುವಾಗಲೂ ಹಾಗೆಯೇ. "ಇಳೀರಿ ಸಾಕ್ಷೆವ್ವಾ, ನಿಮ್ಮ ಕಲ್ಲು ಬಂತು" ಎನ್ನುತ್ತಿದ್ದ. ಬೇರೆ ಯಾರು ಎಲ್ಲಿ ಕೈಮಾಡಿದರೂ ಬಸ್ಸು ಅಲ್ಲೇ ನಿಲ್ಲುತ್ತಿತ್ತು. ಮೇಕೆ ಹಿಡಿದುಕೊಂಡು ಬಂದವರಿಗೂ ನಿಲ್ಲುತ್ತಿತ್ತು. ನನಗೆ ಮಾತ್ರ, ಬಿಸಿಲಿರಲಿ ಮಳೆಯಿರಲಿ, ಒಂದು ಫರ್ಲಾಂಗಿನ ನಡಿಗೆ. ಸಿಟ್ಟು ಬರುತ್ತಿತ್ತು. ಆದರೆ ಬೈಯಲು ಬಾಯಿ ತೆರೆದರೆ ಮೊದಲು ಬರಬೇಕಾದ ಮಾತು ಬೇರೆಯದಿತ್ತು.

ಗುತ್ತಿಗೆದಾರನಿಗೆ ಒಂದು ಫರ್ಲಾಂಗು ಸಾಲಲಿಲ್ಲ. ಒಂದು ಮಧ್ಯಾಹ್ನ ಅವನ ಜೀಪು ಪಂಕ್ಚರಾಗಿ ರಸ್ತೆಯ ಮೇಲೆ ನಿಂತಿತ್ತು. ಬಸ್ಸಿನಲ್ಲಿ ನಾನೂ ಇದ್ದೆ. ಅವನು ಕೈಮಾಡಿದ. ಅಣ್ಣ ಮುಂದಿನ ಕಲ್ಲಿಗೆ ನಿಲ್ಲಿಸಿದ. ಧೋತರ ಎತ್ತಿಕೊಂಡು ಓಡಿ ಬಂದ ಗುತ್ತಿಗೆದಾರ ಬಾಗಿಲಿಗೆ ಕೈ ಚಾಚುವಷ್ಟರಲ್ಲಿ ಬಸ್ಸು ಹೊರಟಿತು, ಅದರ ಮುಂದಿನ ಕಲ್ಲಿಗೆ ನಿಂತಿತು. ಮತ್ತೆ ಓಡಿ ಬಂದ. ಮತ್ತೆ ಹೊರಟಿತು.

"ಏ ಡ್ರೈವರಾ, ಸಾವ್ಕಾರ್ರ ಉಸಿರು ಹೊಂಟೈತಲೇ!" ಎಂದು ಯಾರೋ ಕೂಗಿದರು.

"ಓಡ್ಲಿ ಬಿಡ್ರಿ" ಎಂದ ಅಣ್ಣ. "ಹಾಕಿಸಿದ ರಸ್ತಿ ಹೆಂಗೈತಿ ಅಂತ ಅವರ ಕಾಲಿಗೂ ಗೊತ್ತಾಗ್ಲಿ."

ಬಸ್ಸು ತುಂಬ ನಗು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಆ ಮನುಷ್ಯ ಕೆಮ್ಮುತ್ತ ಮೈಲಿಗಲ್ಲಿಗೆ ಒರಗಿ ಕೂತದ್ದು ನೆನಪಾದರೆ ಈ ವಯಸ್ಸಿನಲ್ಲೂ ಹೊಟ್ಟೆ ತಣ್ಣಗಾಗುತ್ತದೆ. ಅವನ ಅರ್ಜಿ ಮೇಲಿನವರಿಗೆ ಹೋಯಿತು, ಅಣ್ಣನಿಗೆ ಪಗಾರ ಕಡಿತದ ಶಿಕ್ಷೆಯೂ ಆಯಿತು. "ಅಗದೀ ಸೋವಿ ಆತು" ಎಂದನಂತೆ, ಅಂಥ ಓಟ ಅಷ್ಟು ಅಗ್ಗಕ್ಕೆ ಸಿಕ್ಕಿತೆಂದು.

ಇಷ್ಟೆಲ್ಲ ಸೇಡಿನ ಅಣ್ಣ ಒಬ್ಬನ ಮುಂದೆ ಮಾತ್ರ ತಲೆ ತಗ್ಗಿಸುತ್ತಿದ್ದ. ಅವನು ಕೈ ಮುರಿದ ನೇಕಾರ. ಆ ಕೈ ಮತ್ತೆ ನೆಟ್ಟಗಾಗಲೇ ಇಲ್ಲ, ಮಗ್ಗದ ಲಾಳಿ ಎಸೆಯಲು ಬರಲಿಲ್ಲ. ಸೀರೆಯ ಗಂಟು ಹೊತ್ತು ಊರೂರು ತಿರುಗುತ್ತಿದ್ದ. ಬಸ್ಸು ಹತ್ತಿದಾಗಲೆಲ್ಲ, "ಇವತ್ತರ ಸಾವಕಾಶ ಹೊಡಿಯೋ, ಇನ್ನೊಂದು ಕೈ ಉಳದೈತಿ" ಎನ್ನುತ್ತಿದ್ದ. ಅಣ್ಣ, "ಹೂಂನ್ರಿ ಕಾಕಾ" ಎಂದು, ಮುಂದಿನ ಸೀಟಿನವರನ್ನು ಎಬ್ಬಿಸಿ ಅವನನ್ನು ಕೂರಿಸುತ್ತಿದ್ದ.

ಒಮ್ಮೆ ನಾನು ತಡೆಯಲಾರದೆ, "ತೆಗ್ಗಿನ ಮಾತು ಅವರಿಗರೆ ಹೇಳಬಾರದೇನಣ್ಣಾ?" ಎಂದೆ. ಅಷ್ಟು ವರ್ಷಗಳಲ್ಲಿ ಅವನು ಮೊದಲ ಸಲ ನನ್ನ ಮುಖ ನೋಡಿದ. "ನಾ ಹೇಳಿದ್ರ ಜಾರಿಕೊಳ್ಳಾಕ ಹೇಳ್ತಾನಂತಾರ. ಹೇಳಬೇಕಾದಾಕಿ ಯಾರು?"

ಆದರೂ ನಾನು ಮತ್ತೊಂದು ಮಳೆಗಾಲ ಕಳೆದೆ.

ಅಣ್ಣ ಈಗಿಲ್ಲ. ನಿವೃತ್ತಿಯಾಗಿ ಬಹಳ ದಿನ ಬದುಕಲಿಲ್ಲ. ಕೊನೆಯ ಕಾಯಿಲೆಯಲ್ಲಿ ಅವನಿಗೆ ಗಂಜಿ ಕುಡಿಸಿದವಳು ನಾನೇ, ಅವನೂ ತಕರಾರಿಲ್ಲದೆ ಕುಡಿದ. ಹಾಗೆ ನನ್ನ ಕೈಯಿಂದ ಕುಡಿಯಲು ಕಾರಣವಾದ ದಿನ ಒಂದಿದೆ.

ಅಂದು ಇಳಕಲ್ಲಿನ ಸಂತೆ, ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ನೇಕಾರ ಮುಂದಿನ ಸೀಟಿನಲ್ಲಿ ಕೂತು ಪಕ್ಕದ ಹೊಸಬನಿಗೆ ತನ್ನ ಕೈ ತೋರಿಸುತ್ತಿದ್ದ. "ಇದು ಈ ಡ್ರೈವರನ ಪುಣ್ಯಾರಿ. ಜೋರ ಹೊಡಿಯೋ ಚಟ ಇವಗ. ಸ್ವಂತ ತಂಗೀನ ಸಾಕ್ಷಿ ಹೇಳ್ಯಾಳ." ಅಣ್ಣನ ಕಿವಿ ಕೆಂಪಾಯಿತು. ಅವನು ಗೇರು ಬದಲಿಸಿದ. ನಾನು ಜನರನ್ನು ನೂಕಿಕೊಂಡು ಮುಂದೆ ಹೋದೆ. ಕಂಬಿ ಹಿಡಿದು ನಿಂತೆ.

"ಕಾಕಾ, ಆ ತಂಗಿ ನಾನರಿ. ಸುಳ್ಳ ಹೇಳೇನ್ರಿ. ಬಸ್ಸು ಕೆಟ್ಟದ್ದು ಮೋರಿ ಮ್ಯಾಲ. ಅಲ್ಲಿ ತೆಗ್ಗು ಬಿದ್ದಿತ್ತು, ಅದನ್ನ ಮುಚ್ಚಿದ ಬುಟ್ಟಿ ಹೊತ್ತಾಕಿ ನಾನ. ನಮ್ಮಣ್ಣ ಜೋರ ಬಂದಿರಲಿಲ್ಲ."

ಅಣ್ಣ ಬಸ್ಸು ನಿಲ್ಲಿಸಿದ. ಎಂಜಿನ್ನು ಬಂದ್ ಮಾಡಿದ. ನೇಕಾರ ನನ್ನ ಕಡೆ ನೋಡಲಿಲ್ಲ, ಅಣ್ಣನ ಬೆನ್ನನ್ನೇ ನೋಡುತ್ತಿದ್ದ. ನಾನು ಅಣ್ಣನ ಸೀಟಿನ ಹಿಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ತಪ್ಪಾತೋ ಅಣ್ಣಾ. ಹೊಟ್ಟಿ ಸಲುವಾಗಿ ನಿನ್ನ ಮಾರಿದೆ. ನನ್ನ ಕ್ಷಮಾ ಮಾಡು."